ಒಂದು ದಿನದ ಗಿರಿಸಂಚಾರ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ರಜೆಯಲ್ಲಿ ಹುಬ್ಬಳ್ಳಿ, ಧಾರವಾಡದ ಕಡೆಗೆ ಹೋಗುವ ನಮ್ಮ ವಿದ್ಯಾರ್ಥಿಗಳೆಲ್ಲರೂ ಸಹ್ಯಾದ್ರಿಯ ಕಾಡನ್ನು ನೋಡಿದವರೇ. ಕುಳೆಂ ದಾಟಿದ ಮೇಲೆ ರೈಲು ಕ್ಯಾಸಲ್‌ರಾಕ್ ಕಡೆಗೆ ಏರತೊಡಗಿದರೆ ಕಿಟಕಿಯ ಜಾಗಕ್ಕೆ ಜಗಳವಾಗುತ್ತದೆ. ಆದರೆ ಕಿಟಕಿಯಿಂದ ನೋಡುವುದು ಬೇರೆ, ಕಾಲಿನಿಂದ ನಡೆದು ನೋಡುವುದು ಬೇರೆ. ಆ ಕಾಡಿನಲ್ಲಿ ಒಂದು ದಿನ ನಡೆದು ಸುಖವಾಗಿ ಮನೆಗೆ ಮರಳಬೇಕಾದರೆ ಏನೇನು ಯೋಚಿಸಬೇಕು ಎಂಬುದನ್ನು ಇಲ್ಲಿ ತಿಳಿಯೋಣ.

ನಾವು ಕಲಿತ ಪಾಠ

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ರವಿವಾರ, ಇಬ್ಬರು ಶಿಕ್ಷಕರು ಹದಿನಾಲ್ಕು ಮಕ್ಕಳೊಂದಿಗೆ ಗುಡ್ಡವೊಂದರ ಸುತ್ತುದಾರಿ ಹಿಡಿದೆವು. ಹೊರಟ ಜಾಗಕ್ಕೇ ಬಂದು ಸೇರುವ ದಾರಿಗೆ ಸುತ್ತುದಾರಿ ಎನ್ನುತ್ತೇವೆ. ಬಸ್ಸು ತಡವಾಗಿ, ನಡಿಗೆ ಆರಂಭವಾದಾಗ ಹನ್ನೊಂದು ಗಂಟೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಹೊಸ ಬೂಟು ಹಾಕಿಕೊಂಡು ಬಂದಿದ್ದ. ಹಿಮ್ಮಡಿ ಸುಲಿದರೂ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಅರ್ಧ ದಾರಿ ಮುಟ್ಟುವಾಗಲೇ ಮೂರು ಗಂಟೆ. ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಮುಂದೆಯೇ ನಡೆದೆವು. ಕೊನೆಯ ಒಂದು ಗಂಟೆಯನ್ನು ಒಂದೇ ಬ್ಯಾಟರಿಯ ಬೆಳಕಿನಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು ಇಳಿದೆವು. ರಾತ್ರಿ ಶಾಲೆಯ ಬಾಗಿಲಲ್ಲಿ ಪಾಲಕರು ಕಾಯುತ್ತಿದ್ದರು. ಆ ಹುಡುಗನ ತಾಯಿ ನಮಗೆ ಒಂದು ಮಾತನ್ನೂ ಅನ್ನಲಿಲ್ಲ. ಕೆಳಗೆ ಕುಳಿತು ಮಗನ ಬೂಟು ಬಿಚ್ಚಿದರು. ಕಾಲುಚೀಲದಲ್ಲಿ ರಕ್ತವಿತ್ತು. ಆ ತಾಯಿಯ ಮೌನ ನಮಗೆ ಇಂದಿಗೂ ಮರೆತಿಲ್ಲ. ಕಾಡಿನದು ಏನೂ ತಪ್ಪಿರಲಿಲ್ಲ. ನಾವು ಲೆಕ್ಕ ಹಾಕಿರಲಿಲ್ಲ.

ದೂರ ಮತ್ತು ಏರು

ಭಾರತೀಯ ಸರ್ವೇಕ್ಷಣ ಇಲಾಖೆ 1767ರಲ್ಲಿ ಸ್ಥಾಪನೆಯಾಯಿತು. ಅದು ತಯಾರಿಸುವ ಒಂದು ಬಗೆಯ ಸ್ಥಳಾಕೃತಿ ನಕಾಶೆಯ ಪ್ರಮಾಣ 1:50,000. ಅಂದರೆ ನಕಾಶೆಯ 1 ಸೆಂ.ಮೀ. ನೆಲದ ಮೇಲೆ ಅರ್ಧ ಕಿ.ಮೀ. ದಾರಿಯ ಗೆರೆಯ ಮೇಲೆ ಒಂದು ದಾರವನ್ನು ತಿರುವು ತಿರುವಿಗೂ ಕೂಡಿಸಿ ಇಡಿರಿ; ಆಮೇಲೆ ಅದನ್ನು ಪಟ್ಟಿಯಿಂದ ಅಳೆಯಿರಿ. 20 ಸೆಂ.ಮೀ. ಬಂದರೆ ದಾರಿ 10 ಕಿ.ಮೀ. ನಂತರ ಸಮೋನ್ನತಿ ರೇಖೆಗಳನ್ನು ನೋಡಿರಿ. ಎರಡು ರೇಖೆಗಳ ನಡುವಿನ ಎತ್ತರ 20 ಮೀಟರು. ಏರುವಾಗ ಅಂಥ 15 ಅಂತರಗಳನ್ನು ದಾಟಿದರೆ ಏರು 300 ಮೀಟರು. ಸುತ್ತುದಾರಿಯಲ್ಲಿ ಏರಿದಷ್ಟನ್ನೂ ಇಳಿಯಲೇಬೇಕು ಎಂಬುದು ನೆನಪಿರಲಿ.

ಹೊತ್ತು

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸುಲಭ ಸೂತ್ರ ಕೊಟ್ಟನು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಸುಮಾರು 600 ಮೀಟರು ಏರಿಗೆ ಮತ್ತೊಂದು ಗಂಟೆ. ಮೇಲಿನ ದಾರಿಗೆ 2 ಗಂಟೆ, ಅದರ ಏರಿಗೆ ಅರ್ಧ ಗಂಟೆ, ಒಟ್ಟು ಎರಡೂವರೆ ಗಂಟೆಯಾಯಿತು. ಆದರೆ ಇದು ರೂಢಿಯಿರುವ ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ಮಕ್ಕಳ ಗುಂಪಿಗೆ ನಾವು ಅದನ್ನು ದ್ವಿಗುಣ ಮಾಡುತ್ತೇವೆ: 5 ಗಂಟೆ. ಊಟ, ವಿಶ್ರಾಂತಿಗೆ 1 ಗಂಟೆ ಸೇರಿಸಿದರೆ 6 ಗಂಟೆ. ಬೆಳಿಗ್ಗೆ 8ಕ್ಕೆ ಹೊರಟರೆ ಮಧ್ಯಾಹ್ನ 2ಕ್ಕೆ ಮರಳಬಹುದು. 11ಕ್ಕೆ ಹೊರಟರೆ ಸಂಜೆ 5. ಡಿಸೆಂಬರಿನಲ್ಲಿ ಗೋವೆಯ ಸೂರ್ಯ ಸುಮಾರು 6ಕ್ಕೆ ಮುಳುಗುತ್ತಾನೆ. ದಟ್ಟ ಮರಗಳ ಕೆಳಗೆ ಕತ್ತಲೆ ಅದಕ್ಕೂ ಮೊದಲೇ ಇಳಿಯುತ್ತದೆ.

ಹಿಂದಿರುಗುವ ಗಂಟೆ

ಎಲ್ಲಕ್ಕಿಂತ ಮುಖ್ಯವಾದುದು ಇದು. ಹೋದ ದಾರಿಯಲ್ಲೇ ಬರುವ ಪ್ರಯಾಣದಲ್ಲಿ ಎಲ್ಲಿಂದ ಬೇಕಾದರೂ ಹಿಂದಿರುಗಬಹುದು. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದಿರುಗುವುದೇ ಹೆಚ್ಚು ದೂರ. ಆದ್ದರಿಂದ ನಿರ್ಧಾರ ಅರ್ಧಕ್ಕೆ ಮೊದಲೇ ಆಗಬೇಕು. 8ಕ್ಕೆ ಹೊರಟವರು 11ರ ಸುಮಾರಿಗೆ ಅರ್ಧ ತಲುಪಬೇಕು. 11:30 ಆದರೂ ತಲುಪದಿದ್ದರೆ, ಕಂಡ ದಾರಿಯಲ್ಲೇ ಮರಳಬೇಕು. ಈ ಗಂಟೆಯನ್ನು ಮನೆಯಲ್ಲೇ ಕಾಗದದ ಮೇಲೆ ಬರೆದಿಡಬೇಕು. ದಣಿದ ಮೇಲೆ ಮನಸ್ಸು "ಇನ್ನು ಸ್ವಲ್ಪವೇ ಇದೆ" ಎಂದು ಮೋಸ ಮಾಡುತ್ತದೆ. ಗುಂಪಿನ ವೇಗವೆಂದರೆ ಎಲ್ಲರಿಗಿಂತ ಹಿಂದೆ ಬರುವವನ ವೇಗ. ಅವನನ್ನೇ ಮುಂದೆ ಬಿಡಿರಿ. ಹಿರಿಯರೊಬ್ಬರು ಕೊನೆಯಲ್ಲಿ ನಡೆಯಲಿ.

ಕಾಡಿನ ನಿಯಮ

ಮೊಲೆಂ ರಾಷ್ಟ್ರೀಯ ಉದ್ಯಾನ ಸೇರಿ ಭಗವಾನ್ ಮಹಾವೀರ ಅಭಯಾರಣ್ಯದ ವಿಸ್ತಾರ ಸುಮಾರು 240 ಚದರ ಕಿ.ಮೀ. ಗೋವೆಯ ರಾಜ್ಯಪ್ರಾಣಿಯಾದ ಕಾಡುಕೋಣದ ಮನೆ ಅದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು. ಯಾವ ದಾರಿ ತೆರೆದಿದೆ ಎಂದು ಅವರನ್ನೇ ಕೇಳಬೇಕು. ಮಳೆಗಾಲದಲ್ಲಿ ಇಂಥ ಪ್ರವಾಸ ಬೇಡವೇ ಬೇಡ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ಮೇಲೆ ಸುರಿದ ಮಳೆಗೆ ಹಳ್ಳ ಒಮ್ಮೆಲೇ ಉಕ್ಕುತ್ತದೆ. 2023ರ ಜುಲೈಯಲ್ಲಿ ಜನರು ಮುಳುಗಿ ಸತ್ತ ಮೇಲೆ ಅರಣ್ಯ ಇಲಾಖೆ ಅಭಯಾರಣ್ಯಗಳ ಜಲಪಾತಗಳಿಗೆ ಪ್ರವೇಶ ನಿಷೇಧಿಸಿತು. ಅದೇ ತಿಂಗಳು, ದೂಧಸಾಗರ ನೋಡಲು ಹಳಿಯ ಮೇಲೆ ನಡೆಯಬಾರದೆಂದು ರೈಲ್ವೆಯವರೂ ಎಚ್ಚರಿಸಿದರು.

ಒಣ ತಿಂಗಳುಗಳಲ್ಲಿ ಉಣ್ಣೆಗಳ ಕಾಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ. 2015ರಿಂದ ಗೋವೆಯ ಸತ್ತರಿ ತಾಲೂಕಿನಲ್ಲಿಯೂ ಕಾಣಿಸಿದೆ. ಆದ್ದರಿಂದ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಧರಿಸಬೇಕು. ಸತ್ತ ಮಂಗ ಕಂಡರೆ ದೂರವಿದ್ದು ಇಲಾಖೆಗೆ ತಿಳಿಸಬೇಕು. ಮನೆಗೆ ಬಂದೊಡನೆ ಮೈ ನೋಡಿಕೊಂಡು ಸ್ನಾನ ಮಾಡಬೇಕು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋದುದನ್ನು ವೈದ್ಯರಿಗೆ ಹೇಳಬೇಕು.

ಚೀಲ ಮತ್ತು ಚೀಟಿ

ಪ್ರತಿಯೊಬ್ಬರಿಗೆ 2 ಲೀಟರು ನೀರು, ಚಪಾತಿ ಪಲ್ಯ, ಬೆಲ್ಲ ಶೇಂಗಾ, ಬ್ಯಾಟರಿ, ಸೀಟಿ, ಗಾಯದ ಪಟ್ಟಿ ಇರಲಿ. ಬೂಟು ಹಳೆಯದಿರಲಿ, ಕಾಲಿಗೆ ಪಳಗಿರಲಿ. ಪಾಲಕರಲ್ಲಿ ಒಂದು ವಿನಂತಿ: ಯಾವ ದಾರಿ, ಎಷ್ಟು ಜನ, ಮರಳುವ ಗಂಟೆ ಯಾವುದು, ಈ ಮೂರನ್ನೂ ಬರೆದ ಚೀಟಿ ಪಡೆಯದೆ ಮಗುವನ್ನು ಕಳುಹಿಸಬೇಡಿರಿ. ಕಾಡಿನೊಳಗೆ ಮೊಬೈಲು ಮಾತಾಡದಿರಬಹುದು. ಮನೆಯಲ್ಲಿರುವ ಚೀಟಿ ಮಾತಾಡುತ್ತದೆ. ಹೇಳಿದ ಗಂಟೆ ಮೀರಿದರೆ ಸಂಕೋಚಪಡದೆ ಶಾಲೆಗೂ 112ಕ್ಕೂ ತಿಳಿಸಿರಿ.

ಮಕ್ಕಳೇ, ನಿಮಗೂ ಒಂದು ಮಾತು. ಕಾಲು ನೋಯುತ್ತಿದ್ದರೆ ಕೂಡಲೇ ಹೇಳಿರಿ. ಅದು ಹೇಡಿತನವಲ್ಲ, ಹದಿನೈದು ಜನರನ್ನು ಬೆಳಕಿರುವಾಗಲೇ ಮನೆಗೆ ಮುಟ್ಟಿಸುವ ಮಾತು.

ಅಭ್ಯಾಸ: ಒಂದು ಸುತ್ತುದಾರಿಯ ಉದ್ದ 8 ಕಿ.ಮೀ., ಏರು 240 ಮೀಟರು. ಊಟಕ್ಕೆ 1 ಗಂಟೆ. ಮಕ್ಕಳ ಗುಂಪು ಸಂಜೆ 4ರೊಳಗೆ ಮರಳಬೇಕಾದರೆ ತೀರ ತಡವೆಂದರೆ ಎಷ್ಟು ಗಂಟೆಗೆ ಹೊರಡಬೇಕು? (ಉತ್ತರ: 11 ಗಂಟೆ. ಆದರೂ 8ಕ್ಕೇ ಹೊರಡಿರಿ!)