ಹುಟ್ಟುವ ಮೊದಲೇ ಬರುವ ಹುಳು

ಮನೆಗೆ ತಂದ ನಾಯಿಮರಿ ಹಾಲನ್ನು ಆಸೆಯಿಂದ ಕುಡಿದರೂ ಕೆಲವೊಮ್ಮೆ ಮೈಗೂಡುವುದಿಲ್ಲ. ಕಾಲುಗಳು ಬಡವಾಗಿ, ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿರುವುದು. ಅದು ವಾಂತಿ ಮಾಡಿದಾಗ ಬಿಳಿಯ ದಾರದಂಥ ಹುಳುಗಳು ಹೊರಬೀಳುವುದೂ ಉಂಟು. ಮರಿ ಮಣ್ಣು ತಿಂದಿರಬೇಕೆಂದು ಮನೆಯವರು ಊಹಿಸುವರು. ಆದರೆ ಮಣ್ಣನ್ನು ಮೂಸುವ ಮೊದಲೇ, ತಾಯಿಯ ಗರ್ಭದಲ್ಲಿದ್ದಾಗಲೇ, ಹುಳು ಅದನ್ನು ಸೇರಿರಬಹುದು.

ಈ ದುಂಡುಹುಳುವಿನ ಹೆಸರು ಟಾಕ್ಸೊಕಾರ ಕೇನಿಸ್. ಇದರ ವಾಸ ನಾಯಿಯ ಸಣ್ಣ ಕರುಳಿನಲ್ಲಿ. ಹೆಣ್ಣುಹುಳು 18 ಸೆಂಟಿಮೀಟರಿನವರೆಗೂ ಬೆಳೆಯಬಲ್ಲುದು. ದಿನವೊಂದಕ್ಕೆ ಲಕ್ಷದಷ್ಟು ಮೊಟ್ಟೆಗಳನ್ನು ಇಡಬಲ್ಲುದು.

ಬೆಳೆದ ನಾಯಿ ಈ ಮೊಟ್ಟೆಗಳನ್ನು ನುಂಗಿದಾಗ, ಒಡೆದು ಬಂದ ಮರಿಹುಳುಗಳಲ್ಲಿ ಬಹುಪಾಲು ಕರುಳಿನಲ್ಲಿ ನಿಲ್ಲದೆ ಸ್ನಾಯು ಮೊದಲಾದ ಅಂಗಗಳನ್ನು ಹೊಕ್ಕು ನಿದ್ರಿಸುವುವು. ಆಗ ನಾಯಿಯ ಮಲದಲ್ಲಿ ಮೊಟ್ಟೆಯೂ ಕಾಣದು, ಮೈಯಲ್ಲಿ ರೋಗವೂ ತೋರದು. ಹೆಣ್ಣುನಾಯಿ ಗರ್ಭ ಧರಿಸಿದಾಗ ಇವು ಎಚ್ಚೆತ್ತು, ಮಾಸಿನ ಮೂಲಕ ಭ್ರೂಣವನ್ನು ಸೇರುವುವು. ಹುಟ್ಟಿದ ಮರಿಯ ಶ್ವಾಸಕೋಶದಿಂದ ಗಂಟಲಿಗೇರಿ, ನುಂಗಲ್ಪಟ್ಟು, ಕರುಳಿಗಿಳಿಯುವುವು. ಮೂರನೆಯ ವಾರದ ಹೊತ್ತಿಗೆ ಅಲ್ಲಿ ಬೆಳೆದು ಮೊಟ್ಟೆಯಿಡತೊಡಗುವುವು. ತಾಯಿಯ ಹಾಲಿನ ಮೂಲಕವೂ ಕೆಲವು ಬರುವುದುಂಟು.

ಇದು ನಾಯಿಯ ರೋಗವಷ್ಟೇ ಎಂದು ನಾವು ಸುಮ್ಮನಿರಲಾಗದು. ಮಣ್ಣಾಡಿದ ಕೈಯನ್ನು ಬಾಯಿಗಿಡುವ ಮಗುವೂ ಮೊಟ್ಟೆಗಳನ್ನು ನುಂಗಬಹುದು. ಮನುಷ್ಯನ ದೇಹದಲ್ಲಿ ಮರಿಹುಳು ಪ್ರೌಢವಾಗಲಾರದು. ದಾರಿತಪ್ಪಿದ ಪಯಣಿಗನಂತೆ ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆಯುವುದು. ಅಪರೂಪಕ್ಕೆ ಕಣ್ಣನ್ನೂ ಹೊಗುವುದು. 1950ರಲ್ಲಿ ಅಮೆರಿಕದ ಹೆಲೆನರ್ ವೈಲ್ಡರ್ ಎಂಬ ವಿಜ್ಞಾನಿ, ಶಸ್ತ್ರಚಿಕಿತ್ಸೆಯಿಂದ ತೆಗೆದಿದ್ದ ಮಕ್ಕಳ 46 ಕಣ್ಣುಗಳನ್ನು ಪರೀಕ್ಷಿಸಿ, 24ರಲ್ಲಿ ದುಂಡುಹುಳುವಿನ ಮರಿಗಳ ಗುರುತನ್ನು ಕಂಡರು. ಅವುಗಳಲ್ಲಿ ಅನೇಕವನ್ನು ಅರ್ಬುದವೆಂಬ ಶಂಕೆಯಿಂದ ತೆಗೆಯಲಾಗಿತ್ತು! ಆ ಮರಿಗಳಲ್ಲಿ ಕೆಲವು ಟಾಕ್ಸೊಕಾರವೆಂದು 1956ರಲ್ಲಿ ತಿಳಿದುಬಂತು.

ಹಾಗೆಂದು ನಾಯಿಯನ್ನು ಮನೆಯಿಂದ ಅಟ್ಟಬೇಕಾಗಿಲ್ಲ. ಹುಳುವಿನ ಜೀವನಕ್ರಮವೇ ನಮಗೆ ಎರಡು ಅವಕಾಶಗಳನ್ನು ಕೊಟ್ಟಿದೆ. ಮೊದಲನೆಯದು, ಅದು ಮೊಟ್ಟೆಯಿಡುವ ಮುನ್ನಿನ ಕಾಲ. ಆದುದರಿಂದಲೇ ಪಶುವೈದ್ಯರು ಮರಿಗೆ ಎರಡು ವಾರ ತುಂಬಿದೊಡನೆ ಜಂತುನಾಶಕ ಔಷಧವನ್ನು ಕೊಟ್ಟು, ಎರಡು ವಾರಗಳಿಗೊಮ್ಮೆ ಪುನರಾವರ್ತಿಸುವರು. ಜೊತೆಯಲ್ಲೇ ತಾಯಿಗೂ ಕೊಡುವರು. ಎರಡನೆಯದು, ಹೊಸ ಮಲದಲ್ಲಿನ ಮೊಟ್ಟೆ ಸೋಂಕು ತಗುಲಿಸಲಾರದು. ಅದರೊಳಗೆ ಮರಿ ಬಲಿಯಲು ಕೆಲವು ವಾರಗಳು ಬೇಕು. ಬಲಿತ ಮೇಲೆ ಮಾತ್ರ, ಗಟ್ಟಿ ಕವಚದ ರಕ್ಷಣೆಯಲ್ಲಿ, ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲುದು. ಮಲವನ್ನು ಅಂದಂದೇ ತೆಗೆದು ಹಾಕುವ ಮನೆಯ ಅಂಗಳದಲ್ಲಿ ಮೊಟ್ಟೆಗೆ ಬಲಿಯಲು ಬಿಡುವೇ ದೊರೆಯದು. ಮಕ್ಕಳು ಮಣ್ಣಾಡಿದ ಮೇಲೆ, ಊಟಕ್ಕೆ ಮುನ್ನ, ಕೈತೊಳೆದುಕೊಳ್ಳುವುದನ್ನು ಕಲಿತರೆ ಮರಿಯೂ ಮಗುವೂ ಒಂದೇ ಅಂಗಳದಲ್ಲಿ ನಿಶ್ಚಿಂತೆಯಿಂದ ಆಡಬಹುದು.