ಕೋಳಿ ಕುಂಟಿದರೆ ಮೊದಲು ಹಿಡಿದು ನೋಡಿ, ಆಮೇಲೆ ಮದ್ದು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದ ಮನೆಗಳಲ್ಲಿ ಹಿತ್ತಲಿಗೆ ನಾಲ್ಕು ಕೋಳಿ ಇದ್ದೇ ಇರುತ್ತವೆ. ಕೊಬ್ಬರಿ ದುಡ್ಡು ಸುಲಿದು ಮಾರಿದಾಗ ಬರುತ್ತದೆ, ಅದೂ ಹೆಚ್ಚಾಗಿ ಗಂಡಸರ ಕೈಗೆ. ಮೊಟ್ಟೆ ಕಾಸು ಮಾತ್ರ ಹೆಣ್ಣುಮಕ್ಕಳದು. ವಾರದ ಉಳಿತಾಯ, ಮಕ್ಕಳ ನೋಟ್‌ಬುಕ್ಕು, ಸಾಲದ ಕಂತು ಎಷ್ಟೋ ಮನೆಗಳಲ್ಲಿ ಅದರಿಂದಲೇ ನಡೆಯುತ್ತದೆ. ಆದ್ದರಿಂದ ಒಂದು ಕೋಳಿ ಕುಂಟಿದರೂ ಅದು ಸಣ್ಣ ವಿಷಯವಲ್ಲ.

ಕೆಲವು ವರ್ಷಗಳ ಹಿಂದೆ ಸಂಘದ ಸಭೆ ಮುಗಿಸಿ ಹೊರಟಾಗ ಸದಸ್ಯೆಯೊಬ್ಬರು, "ಸಿಸ್ಟರ್, ನಮ್ ಹ್ಯಾಟೆ ಯಾಕೋ ಕುಂಟ್ತೈತೆ, ಒಸಿ ನೋಡಿ" ಎಂದು ಕರೆದರು. ನಾವು ದೂರದಿಂದಲೇ ನೋಡಿ, "ನಾಯಿ ಅಟ್ಟಿರಬೇಕು, ಉಳುಕಿದೆ, ಅರಿಶಿನ ಹಚ್ಚಿ" ಎಂದು ಹೇಳಿ ಬಂದೆವು. ಕೋಳಿಯನ್ನು ಹಿಡಿದು ನೋಡಲಿಲ್ಲ, ಹಿಕ್ಕೆಯನ್ನೂ ನೋಡಲಿಲ್ಲ. ಅದು ಕೊಕ್ಕರೆ ರೋಗವಾಗಿತ್ತು. ಎಂಟು ದಿನದಲ್ಲಿ ಹನ್ನೊಂದರಲ್ಲಿ ಒಂಬತ್ತು ಕೋಳಿ ಸತ್ತವು. ಸಂಘದ ಸಾಲದಲ್ಲಿ ತಂದ ಕೋಳಿಗಳು. ಆ ಅಮ್ಮ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಕೂಲಿ ಮಾಡಿ ಕಂತು ಕಟ್ಟಿದರು. ಅಂದು ನಾವು ಕಲಿತ ಪಾಠ ಇದು: ಕುಂಟುವುದೇ ರೋಗವಲ್ಲ, ಅದು ರೋಗದ ಗುರುತು. ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ.

ಮೊದಲು ಬೇರೆ ಇಡಿ

ಕುಂಟುವ ಕೋಳಿಯನ್ನು ಕೂಡಲೇ ಬೇರೆ ಮಾಡಿ, ಒಣ ಹುಲ್ಲು ಹಾಸಿದ ಜಾಗದಲ್ಲಿ ಮಂಕರಿ ಕೆಳಗೆ ಇಡಿ. ನೀರು, ಕಾಳು ಅದರ ಕೊಕ್ಕಿಗೆ ಸಿಗುವಷ್ಟು ಹತ್ತಿರ ಇರಲಿ. ಉಳಿದ ಕೋಳಿಗಳಿಗೆ ಮೊದಲು ಮೇವು ಹಾಕಿ, ಇದನ್ನು ಕೊನೆಗೆ ಮುಟ್ಟಿ, ಕೈ ಸೋಪಿನಲ್ಲಿ ತೊಳೆಯಿರಿ.

ಆಮೇಲೆ ಪರೀಕ್ಷೆ ಮಾಡಿ

ಕತ್ತಲಾದ ಮೇಲೆ ಕೋಳಿ ಗಲಾಟೆ ಮಾಡುವುದಿಲ್ಲ. ಆಗ ಮಡಿಲಲ್ಲಿ ಇಟ್ಟುಕೊಂಡು ಟಾರ್ಚ್ ಬೆಳಕಲ್ಲಿ ನೋಡಿ. ಅಂಗಾಲು, ಬೆರಳ ಸಂದಿ, ಕಾಲಿನ ಹುರುಪೆ, ಗಂಟು, ತೊಡೆ ಹೀಗೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಒಳ್ಳೆಯ ಕಾಲಿನ ಜೊತೆ ಹೋಲಿಸಿ. ಬಿಸಿ, ಊತ, ಗಾಯ ಇದೆಯೇ? ಹಿಕ್ಕೆ ಯಾವ ಬಣ್ಣ? ಉಸಿರಾಟ ಹೇಗಿದೆ? ಕೋಳಿಯ ವಯಸ್ಸೆಷ್ಟು, ಲಸಿಕೆ ಆಗಿದೆಯೇ, ಬೇರೆ ಕೋಳಿಯೂ ಕುಂಟುತ್ತಿದೆಯೇ? ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮನೆಯಲ್ಲೇ ಆಗುವ ಚಿಕಿತ್ಸೆ

ನಾರು ಸುತ್ತಿಕೊಂಡಿದ್ದರೆ: ನಮ್ಮ ಕಡೆ ತೆಂಗಿನ ನಾರು, ದಾರ ಬೆರಳಿಗೆ ಬಿಗಿದು ರಕ್ತ ನಿಲ್ಲುವುದುಂಟು. ಸಣ್ಣ ಕತ್ತರಿಯಿಂದ ಬಿಡಿಸಿ, ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ.

ಅಂಗಾಲಿನಲ್ಲಿ ಕಪ್ಪು ಹಕ್ಕಳೆ, ಊತ ಇದ್ದರೆ: ಅದು ಕೀವಿನ ಗಂಟು. ಎತ್ತರದಿಂದ ಹಾರುವ, ಮೈ ಭಾರದ ಕೋಳಿಗಳಿಗೆ ಹೆಚ್ಚು. ಗಿರಿರಾಜ ಸಾಕುವವರು ಕೂರುವ ಕೋಲನ್ನು ಎರಡಡಿಗಿಂತ ಮೇಲೆ ಕಟ್ಟಬೇಡಿ. ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲು ನೆನೆಸಿ, ಒರೆಸಿ, ಅಯೋಡಿನ್ ಹಚ್ಚಿ, ಶುದ್ಧ ಬಟ್ಟೆ ಕಟ್ಟಿ. ದಿನವೂ ಬದಲಿಸಿ. ಗಂಟು ದೊಡ್ಡದಿದ್ದರೆ ಬ್ಲೇಡು ಹಾಕಬೇಡಿ, ಡಾಕ್ಟರಿಗೆ ತೋರಿಸಿ.

ಹುರುಪೆ ಎದ್ದು ಬಿಳಿ ಪುಡಿ ಕಟ್ಟಿದ್ದರೆ: ಅದು ಕಣ್ಣಿಗೆ ಕಾಣದ ನುಸಿಯ ಕಾಟ. ಕಾಲನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ ಕೊಬ್ಬರಿ ಎಣ್ಣೆ ದಪ್ಪವಾಗಿ ಹಚ್ಚಿ. ಎಣ್ಣೆಯಿಂದ ನುಸಿ ಉಸಿರು ಕಟ್ಟಿ ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆ, ಮೂರು ನಾಲ್ಕು ವಾರ ಮಾಡಿ. ಕೂರುವ ಕೋಲಿಗೂ ಹಚ್ಚಿ. ಸೀಮೆಎಣ್ಣೆ ಬೇಡ, ಚರ್ಮ ಸುಡುತ್ತದೆ.

ಮರಿಗಳ ಬೆರಳು ಒಳಕ್ಕೆ ಮಡಚಿದ್ದರೆ: ಬರೀ ನುಚ್ಚು ತಿಂದು ಬಿ-2 ವಿಟಮಿನ್ ಕಡಿಮೆಯಾಗಿರಬಹುದು. ಬಾಟಲಿಯ ಮೇಲೆ ಬರೆದ ಅಳತೆಯಂತೆ ಕೋಳಿಗಳ ಬಿ-ಕಾಂಪ್ಲೆಕ್ಸ್ ನೀರಿಗೆ ಹಾಕಿ. ನುಗ್ಗೆಸೊಪ್ಪು ಹೆಚ್ಚಿ ಕೊಡಿ. ಬೇಗ ಕೊಟ್ಟರೆ ಮಾತ್ರ ಗುಣ.

ಮೊಟ್ಟೆ ಇಡುವ ಹ್ಯಾಟೆ ಕುಸಿದು ಕೂತರೆ: ತೊಗಟೆ ತೆಳುವಾಗಿದ್ದರೆ ಸುಣ್ಣದ ಅಂಶ ಸಾಲದು. ಮೊಟ್ಟೆ ಸಿಪ್ಪೆ ಹುರಿದು ಪುಡಿ ಮಾಡಿ ಬೇರೆ ತಟ್ಟೆಯಲ್ಲಿ ಇಡಿ, ಬೇಕಾದಷ್ಟು ತಿನ್ನುತ್ತದೆ. ಮರಿಗಳಿಗೆ ಇದು ಬೇಡ.

ಮನೆಮದ್ದಿಗೆ ಬಗ್ಗದವು

ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕುತ್ತಿಗೆ ತಿರುಚುವುದು ಇದ್ದರೆ ಕೊಕ್ಕರೆ ರೋಗದ ಅನುಮಾನ. ಇದಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ ಇದೆ. ಎರಡರಿಂದ ಐದು ತಿಂಗಳ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದರೆ ಅದು ಮಾರೆಕ್ಸ್ ರೋಗವಿರಬಹುದು. ಅದಕ್ಕೂ ಔಷಧಿ ಇಲ್ಲ. ಮರಿ ಹುಟ್ಟಿದ ದಿನವೇ ಲಸಿಕೆ ಆಗಬೇಕು. ಮರಿ ಕೊಳ್ಳುವಾಗ "ಮಾರೆಕ್ಸ್ ಲಸಿಕೆ ಆಗಿದೆಯಾ?" ಎಂದು ಕೇಳಿಯೇ ಕೊಳ್ಳಿ. ಒಟ್ಟಿಗೆ ಹಲವು ಕೋಳಿ ಸತ್ತರೆ ಮುಟ್ಟಬೇಡಿ, ತಿನ್ನಬೇಡಿ, ಸಂತೆಗೆ ಒಯ್ಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ.

ಮಾಡಲೇಬಾರದ್ದು

ಕಾಲಿಗೆ ಬರೆ ಹಾಕಬೇಡಿ. ನೋವು ಹೆಚ್ಚುತ್ತದೆಯೇ ಹೊರತು ಗುಣವಾಗುವುದಿಲ್ಲ. ನಮ್ಮ ತಲೆನೋವಿನ ಮಾತ್ರೆ ಕೋಳಿಗೆ ಬೇಡ. ಡಾಕ್ಟರು ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದು ಎಂದು ಕೇಳಿ. ಕಾಯಿಲೆ ಕೋಳಿಯನ್ನು ಗೊತ್ತಿದ್ದೂ ಮಾರುವುದು ಇನ್ನೊಬ್ಬ ತಾಯಿಯ ಹಿತ್ತಲಿಗೆ ಬೆಂಕಿ ಇಟ್ಟಂತೆ.

ಸಂಘ ಏನು ಮಾಡಬಹುದು?

ಕೊಕ್ಕರೆ ರೋಗಕ್ಕೆ ಮರಿ ಐದರಿಂದ ಏಳು ದಿನದ್ದಿರುವಾಗ ಲಸೋಟ ಲಸಿಕೆಯ ಹನಿ, ಸುಮಾರು ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರಕ್ಕೆ ಆರ್2ಬಿ ಚುಚ್ಚುಮದ್ದು. ತೊಂದರೆ ಏನೆಂದರೆ ಒಂದು ಬಾಟಲಿ ನೂರಾರು ಕೋಳಿಗಳಿಗೆ ಆಗುವಷ್ಟಿರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಮಂಜುಗಡ್ಡೆಯಲ್ಲೇ ಇಡಬೇಕು. ಹತ್ತು ಕೋಳಿ ಇರುವ ಒಬ್ಬರಿಗೆ ಇದು ಆಗದ ಕೆಲಸ. ಹದಿನೈದು ಮನೆ ಸೇರಿದರೆ ಒಂದೇ ಬೆಳಗಿನ ಕೆಲಸ. ಒಬ್ಬೊಬ್ಬರ ಪಾಲಿಗೆ ಖರ್ಚು ತೀರಾ ಕಡಿಮೆ. ಪಶು ಆಸ್ಪತ್ರೆಯಲ್ಲಿ, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಮನೆಗಳಲ್ಲಿ ಒಟ್ಟು ಎಷ್ಟು ಕೋಳಿ ಇವೆ? ಎಷ್ಟಕ್ಕೆ ಲಸಿಕೆ ಆಗಿದೆ?
2. ಲಸಿಕೆ ದಿನ ಯಾವುದು? ಮಂಜುಗಡ್ಡೆ ತರುವವರು ಯಾರು?
3. ಕೋಳಿ ಸತ್ತು ಕಂತು ಕಟ್ಟಲಾಗದ ಸದಸ್ಯೆಗೆ ಸಂಘ ಹೇಗೆ ನೆರವಾಗಬೇಕು?

ಮೂರನೆಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ಆ ಒಂಬತ್ತು ಕೋಳಿ ಸತ್ತಾಗ ನಮ್ಮ ಸಂಘದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.