ರಾಗಿಯ ಕಾಳು, ರಾಗಿಯ ಹುಲ್ಲು: ಜೀವಿಗಳಲ್ಲಿ ಶರ್ಕರಪಿಷ್ಟದ ರಚನೆ ಮತ್ತು ಕಾರ್ಯ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಕೆಂಪು ನೆಲದಲ್ಲಿ ಮಳೆಯನ್ನು ನಂಬಿ ಬೆಳೆಯುವ ರಾಗಿಯ ಪೈರು ಎರಡು ಬಗೆಯ ಆಹಾರವನ್ನು ಕೊಡುತ್ತದೆ. ತೆನೆಯ ಕಾಳು ಮನುಷ್ಯನಿಗೆ, ಹುಲ್ಲು ದನಕರುಗಳಿಗೆ. ಒಂದೇ ಬೇರಿನ ನೀರು, ಒಂದೇ ಬಿಸಿಲುಗಳಿಂದ ಬೆಳೆದ ಇವೆರಡರಲ್ಲಿಯೂ ಅಧಿಕಾಂಶವಾಗಿರುವ ದ್ರವ್ಯವು ಒಂದೇ ಕುಲದ್ದು. ಅದೇ ಶರ್ಕರಪಿಷ್ಟ. ಹಾಗಿದ್ದರೂ ಕಾಳು ಮನುಷ್ಯನ ಹಸಿವನ್ನು ಹಿಂಗಿಸುತ್ತದೆ. ಹುಲ್ಲನ್ನು ತಿಂದು ಅವನು ಬದುಕಲಾರನು. ಈ ಭೇದದ ಕಾರಣವನ್ನರಿತರೆ ಶರ್ಕರಪಿಷ್ಟಗಳ ಮರ್ಮವನ್ನೇ ಅರಿತಂತಾಗುತ್ತದೆ.

ಹೆಸರಿನ ಅರ್ಥ

‘ಶರ್ಕರಾ’ ಎಂಬ ಸಂಸ್ಕೃತ ಶಬ್ದಕ್ಕೆ ಮರಳು, ಹರಳು ಎಂಬ ಅರ್ಥವಿದ್ದು, ಹರಳುಗಟ್ಟಿದ ಕಬ್ಬಿನ ಸಾರಕ್ಕೂ ಆ ಹೆಸರು ನಿಂತಿತು. ಅದರ ಪ್ರಾಕೃತ ರೂಪದಿಂದ ಕನ್ನಡದ ‘ಸಕ್ಕರೆ’ ಬಂದಿತು. ಪಾರಸಿ, ಅರಬ್ಬಿಗಳ ಮಾರ್ಗವಾಗಿ ಸಾಗಿದ ಇಂಗ್ಲಿಷಿನ ‘ಷುಗರ್’ ಕೂಡ ಅದೇ ಮೂಲದ್ದು. ‘ಪಿಷ್ಟ’ವೆಂದರೆ ಅರೆದುದು, ಹಿಟ್ಟು ಎಂದರ್ಥ. ಸಿಹಿಯಾದ ಸಕ್ಕರೆಯೂ ಸಪ್ಪೆಯಾದ ಹಿಟ್ಟೂ ಒಂದೇ ಕುಲದವೆಂಬ ತತ್ತ್ವವು ಈ ಸಮಸ್ತಪದದಲ್ಲಿಯೇ ಅಡಗಿದೆ. ಇಂಗ್ಲಿಷಿನ ‘ಕಾರ್ಬೋಹೈಡ್ರೇಟ್’ ಎಂಬ ಹೆಸರು ಇಂಗಾಲ ಮತ್ತು ನೀರುಗಳ ಸಂಬಂಧವನ್ನು ಸೂಚಿಸುತ್ತದೆ. ಈ ಕುಲದ ಬಹುಪಾಲು ದ್ರವ್ಯಗಳಲ್ಲಿ ಇಂಗಾಲದೊಡನೆ ಜಲಜನಕ, ಆಮ್ಲಜನಕಗಳು ನೀರಿನಲ್ಲಿರುವಂತೆಯೇ 2ಕ್ಕೆ 1ರ ಪ್ರಮಾಣದಲ್ಲಿರುವುದೇ ಇದಕ್ಕೆ ಕಾರಣ.

ರಚನೆ

ಹಸಿರೆಲೆಯು ಬಿಸಿಲಿನ ಬಲದಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಬೇರಿನ ನೀರನ್ನೂ ಕೂಡಿಸಿ ಶರ್ಕರವನ್ನು ನಿರ್ಮಿಸುತ್ತದೆ. ರಾಗಿಯು ಇದರಲ್ಲಿ ವಿಶೇಷವಾದ ಜಾಣ್ಮೆಯುಳ್ಳ ಸಸ್ಯ. ಅದರ ಎಲೆಯು ಇಂಗಾಲವನ್ನು ಮೊದಲು ನಾಲ್ಕು ಇಂಗಾಲಗಳುಳ್ಳ ಆಮ್ಲವಾಗಿ ಹಿಡಿದಿಟ್ಟುಕೊಂಡು, ಅನಂತರ ಶರ್ಕರ ತಯಾರಾಗುವ ಜೀವಕೋಶಗಳಿಗೆ ಒಪ್ಪಿಸುತ್ತದೆ. ಈ ಮಾರ್ಗವನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ವಿವರಿಸಿದರು. ಇದರಿಂದ ಕಡಮೆ ನೀರಿನಲ್ಲಿ, ಸುಡುವ ಬಿಸಿಲಿನಲ್ಲಿಯೂ ಕೆಲಸ ಸಾಗುತ್ತದೆ. ಭತ್ತಕ್ಕೆ ಈ ಸೌಕರ್ಯವಿಲ್ಲ.

ಶರ್ಕರಗಳಲ್ಲಿ ಮುಖ್ಯವಾದುದು ಗ್ಲೂಕೋಸ್. ಇದರ ಒಂದು ಅಣುವಿನಲ್ಲಿ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳಿವೆ. ಗ್ಲೂಕೋಸ್, ಹಣ್ಣು ಮತ್ತು ಜೇನಿನಲ್ಲಿರುವ ಫ್ರಕ್ಟೋಸ್ ಮುಂತಾದುವು ಏಕಶರ್ಕರಗಳು. ಇವೆರಡು ಕೂಡಿದರೆ ಕಬ್ಬಿನ ಸಕ್ಕರೆ; ಗ್ಲೂಕೋಸಿನೊಡನೆ ಗ್ಯಾಲಕ್ಟೋಸ್ ಕೂಡಿದರೆ ಹಾಲಿನ ಸಕ್ಕರೆ. ಇವು ದ್ವಿಶರ್ಕರಗಳು. ನೂರಾರು, ಸಾವಿರಾರು ಗ್ಲೂಕೋಸ್ ಅಣುಗಳು ಸರಪಣಿಯಾದರೆ ಬಹುಶರ್ಕರಗಳಾಗುತ್ತವೆ. ಪಿಷ್ಟ ಮತ್ತು ಸೆಲ್ಯುಲೋಸ್‌ಗಳು ಈ ವರ್ಗದವು.

ಕಾಳಿನಲ್ಲಿರುವುದು ಪಿಷ್ಟ, ಹುಲ್ಲಿನ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುವುದು ಸೆಲ್ಯುಲೋಸ್. ಎರಡರ ಮಣಿಯೂ ಗ್ಲೂಕೋಸೇ. ಪೋಣಿಸುವ ಕ್ರಮ ಮಾತ್ರ ಬೇರೆ. ಪಿಷ್ಟದಲ್ಲಿ ‘ಆಲ್ಫಾ’ ಬಂಧದಿಂದ ಸರಪಣಿಯು ಸುರುಳಿ ಸುತ್ತುತ್ತದೆ, ಕೊಂಬೆಯೊಡೆಯುತ್ತದೆ. ಸೆಲ್ಯುಲೋಸಿನಲ್ಲಿ ‘ಬೀಟಾ’ ಬಂಧವಿದ್ದು, ಒಂದು ಬಿಟ್ಟು ಒಂದು ಅಣುವು ಮಗುಚಿಕೊಂಡಿರುವುದರಿಂದ ಸರಪಣಿಯು ನೇರವಾಗಿ ಚಾಚುತ್ತದೆ. ಅಂತಹ ಸರಪಣಿಗಳು ಪಕ್ಕಪಕ್ಕದಲ್ಲಿ ಬಿಗಿದುಕೊಂಡು ಗಟ್ಟಿಯಾದ ನಾರಾಗುತ್ತವೆ. ಮನುಷ್ಯನ ಕಿಣ್ವಗಳು ಮೊದಲನೆಯ ಬಂಧವನ್ನು ಬಿಡಿಸಬಲ್ಲವು, ಎರಡನೆಯದನ್ನು ಬಿಡಿಸಲಾರವು.

ಕೂಡಿಡುವ ಕಾರ್ಯ

ಸಸ್ಯವು ಆಹಾರವನ್ನು ಸಕ್ಕರೆಯಾಗಿ ಕೂಡಿಟ್ಟರೆ ಅದು ನೀರಿನಲ್ಲಿ ಕರಗಿ, ಮತ್ತಷ್ಟು ನೀರನ್ನು ಜೀವಕೋಶದೊಳಕ್ಕೆ ಸೆಳೆದೀತು. ಪಿಷ್ಟವಾದರೋ ಕರಗದೆ ಕಣಕಣವಾಗಿ ಕುಳಿತಿರುತ್ತದೆ. ರಾಗಿಯ ಗಟ್ಟಿ ಸಿಪ್ಪೆ, ಕಿರಿದಾದ ಕಾಳುಗಳೂ ಇದಕ್ಕೆ ಸೇರಿ, ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತದೊಡನೆ ಆರು ತಿಂಗಳು ಸೆರೆಯಲ್ಲಿದ್ದ ರಾಗಿಯು ಗೆದ್ದು ಹೊರಬರುವ ಕಥೆಗೆ ಲೋಕಾನುಭವದ ಆಧಾರವಿದೆ. ಕಾಳು ಮೊಳೆಯುವಾಗ ಒಳಗಿನ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ಕಟ್ಟಿದ ರಾಗಿಯಿಂದ ಮಕ್ಕಳಿಗೆ ಮಾಡುವ ಸರಿಯು ತೆಳುವಾಗಿ ಸಿಹಿಯಾಗಿರುವುದು ಇದರಿಂದಲೇ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹಲಸು ಕಾಯಾಗಿದ್ದಾಗ ಸಪ್ಪೆಯಾಗಿದ್ದು, ಮಾಗಿದ ಮೇಲೆ ಸಿಹಿಯಾಗುವುದೂ ಪಿಷ್ಟವು ಶರ್ಕರವಾಗುವ ಕ್ರಿಯೆಯೇ.

ಆಧಾರವಾಗುವ ಕಾರ್ಯ

ದೇವನಹಳ್ಳಿಯ ಚಕ್ಕೋತದ ದಪ್ಪ ಬಿಳಿಯ ಒಳಸಿಪ್ಪೆಯಲ್ಲಿ ಸೆಲ್ಯುಲೋಸಿನೊಡನೆ, ಜೀವಕೋಶಗಳನ್ನು ಅಂಟಿಸಿ ಹಿಡಿಯುವ ಪೆಕ್ಟಿನ್ ಎಂಬ ಇನ್ನೊಂದು ಬಹುಶರ್ಕರವಿದೆ. ಪ್ರಾಣಿಗಳಲ್ಲಿಯೂ ಇಂತಹುದುಂಟು. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ‘ಜ್ವರ’ಕ್ಕೆ ಕುಳಿತು ಹೊರಪೊರೆಯನ್ನು ಕಳಚುತ್ತದೆ. ಆ ಪೊರೆಯಲ್ಲಿರುವ ಕೈಟಿನ್ ಶರ್ಕರದಿಂದಲೇ ಆದುದು. ಆದರೆ ಅದು ನೂಲುವ ರೇಷ್ಮೆ ಶರ್ಕರಪಿಷ್ಟವಲ್ಲ, ಪ್ರೋಟೀನು. ಹತ್ತಿಯ ನೂಲು ಸೆಲ್ಯುಲೋಸ್. ಎರಡೂ ನೂಲೇ ಆದರೂ ಅವುಗಳ ಕುಲ ಬೇರೆ.

ಗುರುತಾಗುವ ಕಾರ್ಯವನ್ನೂ ಮರೆಯಬಾರದು. ಕೆಂಪು ರಕ್ತಕಣಗಳ ಮೇಲಿನ ಶರ್ಕರಸರಪಣಿಯ ತುದಿಯ ಅಣುವನ್ನನುಸರಿಸಿ ‘ಎ’, ‘ಬಿ’, ‘ಓ’ ಎಂಬ ರಕ್ತದ ಗುಂಪುಗಳು ನಿರ್ಣಯವಾಗುತ್ತವೆ. ವಂಶಗುಣಗಳನ್ನು ಹೊತ್ತ ಡಿಎನ್ಎ ಎಂಬ ಅಣುವಿನಲ್ಲಿಯೂ ಡಿಆಕ್ಸಿರೈಬೋಸ್ ಎಂಬ ಶರ್ಕರವಿದೆ.

ಹುಲ್ಲು ಹಾಲಾಗುವ ಬಗೆ

ಸೆಲ್ಯುಲೋಸನ್ನು ಬಿಡಿಸುವ ಕಿಣ್ವವು ಹಸುವಿಗೂ ಸ್ವಂತದ್ದಲ್ಲ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಆ ಕಾರ್ಯವನ್ನು ಮಾಡುತ್ತವೆ. ಮೆಲುಕು ಹಾಕಿ ಅರೆದ ಹುಲ್ಲು ಅಲ್ಲಿ ಹುದುಗಿ, ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳಾಗುತ್ತದೆ. ಪ್ರೊಪಿಯಾನಿಕ್ ಆಮ್ಲದಿಂದ ಹಸುವಿನ ಯಕೃತ್ತು ಗ್ಲೂಕೋಸನ್ನು ತಯಾರಿಸುತ್ತದೆ. ಕೆಚ್ಚಲು ಅದನ್ನು ಹಾಲಿನ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಹೀಗೆ ಮನುಷ್ಯನಿಗೆ ದಕ್ಕದ ಹುಲ್ಲು ಬಣವೆಯಿಂದ ಕೊಟ್ಟಿಗೆಗೆ ಬಂದು, ಹಾಲಿನ ಮೂಲಕ ಮಗುವಿನ ಬಾಯಿಗೆ ತಲಪುತ್ತದೆ.

ಮನುಷ್ಯನ ದೇಹದಲ್ಲಿ

ಹಸಿಹಿಟ್ಟಿನ ಪಿಷ್ಟಕಣಗಳು ಬಿಗಿಯಾಗಿರುತ್ತವೆ. ಕುದಿಯುವ ಎಸರಿನಲ್ಲಿ ಅವು ನೀರು ಹೀರಿ ಉಬ್ಬಿ ಸಡಿಲವಾಗುವುದರಿಂದ ಮುದ್ದೆಯು ಸುಲಭವಾಗಿ ಜೀರ್ಣವಾಗುತ್ತದೆ. ಅನ್ನವನ್ನು ಅಗಿಯುವಾಗ ಜೊಲ್ಲಿನ ಕಿಣ್ವವು ಬಾಯಲ್ಲಿಯೇ ಕೆಲಸವನ್ನಾರಂಭಿಸುತ್ತದೆ. ಮುದ್ದೆಯನ್ನಾದರೋ ಅಗಿಯದೆ ನುಂಗುವುದು ಈ ಸೀಮೆಯ ರೂಢಿಯಾದುದರಿಂದ, ಮೇದೋಜೀರಕ ಗ್ರಂಥಿಯ ಕಿಣ್ವಕ್ಕೆ ಸಣ್ಣಕರುಳಿನಲ್ಲಿ ಹೆಚ್ಚಿನ ಕೆಲಸ ಬೀಳುತ್ತದೆ. ಕೊನೆಗೆ ದೊರೆತ ಗ್ಲೂಕೋಸ್ ರಕ್ತವನ್ನು ಸೇರಿ, 1 ಗ್ರಾಮಿಗೆ ಸುಮಾರು 4 ಕಿಲೋಕ್ಯಾಲೊರಿ ಶಕ್ತಿಯನ್ನು ಕೊಡುತ್ತದೆ. ಹೆಚ್ಚಾದುದನ್ನು ಇನ್ಸುಲಿನ್ನಿನ ಆಜ್ಞೆಯಂತೆ ಯಕೃತ್ತು ಸುಮಾರು 100 ಗ್ರಾಮಿನಷ್ಟೂ ಸ್ನಾಯುಗಳು ಸುಮಾರು 400 ಗ್ರಾಮಿನಷ್ಟೂ ಗ್ಲೈಕೊಜೆನ್ ಆಗಿ ಕೂಡಿಡುತ್ತವೆ. ಅದಕ್ಕೂ ಮಿಕ್ಕಿದುದು ಕೊಬ್ಬಾಗುತ್ತದೆ.

ಇನ್ಸುಲಿನ್ ಸಾಲದಾದರೆ, ಅಥವಾ ದೇಹವು ಅದಕ್ಕೆ ಓಗೊಡದಿದ್ದರೆ, ಗ್ಲೂಕೋಸ್ ರಕ್ತದಲ್ಲಿಯೇ ನಿಲ್ಲುತ್ತದೆ. ಇದೇ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ರಾಗಿ ತಿಂದವ ನಿರೋಗಿಯೆಂಬ ಗಾದೆಯನ್ನು ನಂಬಿ ಮಿತಿಯಿಲ್ಲದೆ ಮುದ್ದೆಯುಣ್ಣುವ ರೋಗಿಗಳೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ, ನಾರು 11 ಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಕ್ರಮವಾಗಿ 78 ಮತ್ತು 3 ಗ್ರಾಂ. ರಾಗಿಯ ಹಿರಿಮೆಯಿರುವುದು ಆ ನಾರಿನಲ್ಲಿ, ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶದಲ್ಲಿ. ಆದರೆ ರಾಗಿಯ ಪಿಷ್ಟವೂ ಪಿಷ್ಟವೇ. ನುಣ್ಣಗೆ ಬೀಸಿ ಜರಡಿ ಹಿಡಿದು ನಾರನ್ನು ತೆಗೆದರೆ ಆ ಹಿರಿಮೆ ಕುಂದುತ್ತದೆ. ಮುದ್ದೆಯ ಗಾತ್ರವನ್ನು ಮೈಯ ದುಡಿಮೆಯೇ ನಿರ್ಣಯಿಸಬೇಕು. ಜೊತೆಗೆ ಸೊಪ್ಪು, ಕಾಳುಗಳ ಸಾರು ಇರಬೇಕು.

ಇಂಡಿಯಾ ಮತ್ತು ಆಫ್ರಿಕಾಗಳ ತಳಿಗಳನ್ನು ಕೂಡಿಸಿ ‘ಇಂಡಾಫ್’ ರಾಗಿಯನ್ನು ಸೃಷ್ಟಿಸಿದ ಮಂಡ್ಯದ ವಿ. ಸಿ. ಫಾರಂನ ವಿಜ್ಞಾನಿ ಸಿ. ಎಚ್. ಲಕ್ಷ್ಮಣಯ್ಯನವರು ತೆನೆಯನ್ನು ತುಂಬಿಸಿಕೊಟ್ಟರು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಕಾಳನ್ನು ಅರಿತು ಉಣ್ಣುವುದು, ಹುಲ್ಲನ್ನು ಕೆಡಿಸದೆ ದನಕ್ಕೆ ಉಳಿಸುವುದು, ಇವೆರಡಕ್ಕೂ ಆಸರೆಯಾದ ಹೊಲವನ್ನು ಕಾಯುವುದು ಇನ್ನು ಈ ಸೀಮೆಯವರ ಕರ್ತವ್ಯ.